ಗೋಡೆಗೆ ತೂಗುಬಿಟ್ಟ ಬಾತು

ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಕೌಜುಗ ಬಂದು ಬೆಳೆ ತಿಂದರೂ ರೈತ ಅದನ್ನು ಹೊಡೆಯುವಂತಿರಲಿಲ್ಲ. ಬೇಟೆಯ ಹಕ್ಕು ರಾಜನದು, ಕುಲೀನರದು. ರಾಜನ ಮೀಸಲು ಸೀಮೆಗಳಲ್ಲಂತೂ ಹಕ್ಕಿಗೂಡು ಕೆಟ್ಟೀತೆಂದು ಜೂನ್ 24ರ ಸಂತ ಜಾನ್ ಹಬ್ಬದವರೆಗೆ ಹುಲ್ಲು ಕೊಯ್ಯಲೂ ತಡೆಯಿತ್ತು. ಸತ್ತ ಕೌಜುಗ, ಫೆಸೆಂಟ್, ಕಾಡುಬಾತುಗಳ ಚಿತ್ರಗಳು ಅರಮನೆಯ ಗೋಡೆ ಏರಿದ್ದು ಈ ಹಕ್ಕಿನ ಬಲದಿಂದ.

ಇಂಥ ಚಿತ್ರಗಳ ಕಸುಬು ಬಂದದ್ದು ಆಂಟ್‌ವರ್ಪ್‌ನಿಂದ. ಅಲ್ಲಿನ ಚಿತ್ರಕಾರ ಸ್ನೈಡರ್ಸ್‌ನ ಶಿಷ್ಯ ಬರ್ನಾರ್ಟ್ಸ್ ಪ್ಯಾರಿಸಿಗೆ ಬಂದು, ದೆಪೋರ್ತ್ ಎಂಬ ರೈತನ ಮಗನಿಗೆ ಕಲಿಸಿದ. ಬೇಟೆಯ ಹಕ್ಕಿಲ್ಲದ ವರ್ಗದಲ್ಲಿ ಹುಟ್ಟಿದ ಈ ದೆಪೋರ್ತ್ 1699ರಲ್ಲಿ ರಾಜ ಚಿತ್ರಕಲಾ ಅಕಾಡೆಮಿಯ ಬಾಗಿಲು ತೆರೆಸಿಕೊಂಡದ್ದು ತನ್ನನ್ನೇ ಬೇಟೆಗಾರನಾಗಿ ಚಿತ್ರಿಸಿ! ಆಮೇಲೆ ಹದಿನಾಲ್ಕನೇ ಲೂಯಿಯ ಬೇಟೆನಾಯಿಗಳನ್ನೂ ಚಿತ್ರಿಸಿದ.

ಆದರೆ ನನ್ನ ಮನಸ್ಸು ನಿಲ್ಲುವುದು ಚಿತ್ರಕಾರ ಊದ್ರಿಯ ಹತ್ತಿರ. ಹುಡುಗನಾಗಿದ್ದಾಗ ಗುರು ಲಾರ್ಜಿಲಿಯೇರ್ ಹೂ ತರಲು ಕಳಿಸಿದರೆ ಇವನು ಬಣ್ಣಬಣ್ಣದ್ದನ್ನೆಲ್ಲ ತಂದ. ಗುರು ಒಪ್ಪಲಿಲ್ಲ, ಬರೀ ಬಿಳಿ ಹೂಗಳನ್ನು ತರಿಸಿ ಚಿತ್ರಿಸಲು ಕೂರಿಸಿದ. ಒಂದರ ಪಕ್ಕ ಇನ್ನೊಂದನ್ನಿಟ್ಟಾಗಲೇ ಬಿಳಿ ಎಷ್ಟು ಬಗೆ ಎಂಬುದು ಕಣ್ಣಿಗೆ ಬೀಳುತ್ತದೆ. ಈ ಪಾಠವನ್ನು ಊದ್ರಿ 1749ರಲ್ಲಿ ಅಕಾಡೆಮಿಯ ಮುಂದೆ ಹೇಳಿದ. 1753ರಲ್ಲಿ ಚಿತ್ರವೊಂದರಲ್ಲಿ ಮಾಡಿ ತೋರಿಸಿದ. ಮಾಸಲು ಬಿಳಿ ಗೋಡೆ, ಅದಕ್ಕೆ ಕಾಲು ಕಟ್ಟಿ ತೂಗುಬಿಟ್ಟ ಬಿಳಿ ಬಾತು, ಬಿಳಿ ಬಟ್ಟೆ, ಪಿಂಗಾಣಿ ಬಟ್ಟಲು, ಬೆಳ್ಳಿಯ ಮೇಣದಬತ್ತಿ ಕಂಬ. ಪುಕ್ಕದ ಬಿಳುಪು ಬೆಚ್ಚಗಿದೆ, ಬೆಳ್ಳಿಯದು ತಣ್ಣಗೆ. ಬೇಟೆಯ ಜಂಬ ಇಲ್ಲಿ ಪೂರ್ತಿ ಕರಗಿ, ನೋಟವೊಂದೇ ಉಳಿದಿದೆ. ಇಂಗ್ಲೆಂಡಿನ ಹೌಟನ್ ಹಾಲ್‌ನಲ್ಲಿದ್ದ ಈ ಚಿತ್ರ ಕಳೆದ ಶತಮಾನದ ಕೊನೆಯ ದಶಕದಲ್ಲಿ ಕಳವಾಯಿತು. ನಾವು ಫೋಟೊ ನೋಡಿಯೇ ಸಮಾಧಾನಪಡಬೇಕಾಗಿರುವುದು ದೊಡ್ಡ ನಷ್ಟ.

ಅದೇ ಕಾಲದ ಚಿತ್ರಕಾರ ಶಾರ್ದಾಂ, ನಾಯಿ, ಉದ್ಯಾನ ಎಲ್ಲ ಬಿಟ್ಟು ಹಕ್ಕಿಯನ್ನು ಅಡುಗೆಮನೆಗೇ ತಂದ. ಅವನ ಒಂದು ಕಾಡುಬಾತಿಗೆ ಜೊತೆಯಾಗಿರುವುದು ಕಹಿ ಕಿತ್ತಳೆಯೊಂದೇ. ಪ್ಯಾರಿಸಿನ ಬೇಟೆ ಮತ್ತು ನಿಸರ್ಗ ವಸ್ತುಸಂಗ್ರಹಾಲಯದಲ್ಲಿ ಅದು ಇದೆ. ಪುರಾಣ, ಇತಿಹಾಸಗಳ ಚಿತ್ರವೇ ಶ್ರೇಷ್ಠ, ಜಡವಸ್ತುವಿನದು ಕೊನೆಯ ಪಂಕ್ತಿ ಎಂದು ಅಕಾಡೆಮಿ ಎಣಿಸುತ್ತಿದ್ದ ದಿನಗಳವು.

1789ರ ಆಗಸ್ಟ್ 4ರ ರಾತ್ರಿ ಬೇಟೆಯ ವಿಶೇಷ ಹಕ್ಕು ರದ್ದಾಯಿತು. ಚಿತ್ರಗಳು ಮಾತ್ರ ನಿಲ್ಲಲಿಲ್ಲ; ಊಟದ ಕೋಣೆಗೆಂದು ಉಳ್ಳವರು ಕೊಳ್ಳುತ್ತಲೇ ಇದ್ದರು. 1867ರಲ್ಲಿ ಪ್ಯಾರಿಸಿನ ಸ್ಟುಡಿಯೊ ಒಂದರಲ್ಲಿ ಚಿತ್ರಕಾರರಾದ ಬಾಜೀಲ್ ಮತ್ತು ಸಿಸ್ಲಿ ಒಂದೇ ಸತ್ತ ಬಕವನ್ನು ಎದುರಿಗಿಟ್ಟುಕೊಂಡು ಚಿತ್ರಿಸಿದರು. ಅವರ ಗೆಳೆಯ ರೆನ್ವಾರ್, ಕುಂಚ ಹಿಡಿದು ಬಕದ ಚಿತ್ರಕ್ಕೆ ಬಾಗಿ ಕೂತ ಬಾಜೀಲ್‌ನನ್ನೇ ಚಿತ್ರಿಸಿದ. ಆ ಚಿತ್ರವನ್ನು ಚಿತ್ರಕಾರ ಮಾನೆ ತನ್ನಲ್ಲಿ ಇಟ್ಟುಕೊಂಡಿದ್ದ.