ಷಿಕಾಗೊ ನಗರದ ಪಟ್ಟವಿಲ್ಲದ ದೊರೆ

ಕಳ್ಳನು ಕತ್ತಲೆಯಲ್ಲಿ ಸಂಚರಿಸುವನೆಂಬುದು ಲೋಕರೂಢಿ. ಆದರೆ ಹಾಡುಹಗಲಿನಲ್ಲಿ, ಪೋಲೀಸರ ಕಣ್ಣೆದುರಿನಲ್ಲಿಯೇ, ಲೆಕ್ಸಿಂಗ್ಟನ್ ಎಂಬ ಭಾರಿ ಹೋಟೆಲಿನಲ್ಲಿ ಬಿಡಾರಮಾಡಿಕೊಂಡು ಮಹಾನಗರವೊಂದನ್ನು ಸೂರೆಗೊಂಡವನು ಅಮೆರಿಕದ ಷಿಕಾಗೊ ನಗರದ ಆಲ್ ಕಪೋನ್. ಇಂತಹವನು ಬೆಳೆದ ಬಗೆಯನ್ನೂ ಬಿದ್ದ ಬಗೆಯನ್ನೂ ವಾಚಕರ ಅವಗಾಹನೆಗೆ ತರುವುದು ಉಚಿತವೆಂದು ನಾವು ಭಾವಿಸುತ್ತೇವೆ. ಏಕೆಂದರೆ ಈ ಕಥೆಯಲ್ಲಿ ಪುಂಡರಿಗಿಂತಲೂ ಗೌರವಸ್ಥರ ಪಾತ್ರವೇ ಹೆಚ್ಚಿನದಾಗಿರುವುದು.

ಇಟಲಿಯಿಂದ ವಲಸೆಹೋದ ಕ್ಷೌರಿಕನೊಬ್ಬನ ಮಗನಾಗಿ ಈತನು 1899ರ ಜನವರಿ 17ರಂದು ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಜನಿಸಿದನು. 14 ವರ್ಷದ ಸುಮಾರಿಗೇ ಶಾಲೆಯನ್ನು ಬಿಟ್ಟು, ಪುಂಡರ ಸಹವಾಸಕ್ಕೆ ಬಿದ್ದು, ಮುಂದೆ ಜಾನಿ ಟೋರಿಯೋ ಎಂಬುವನ ಆಶ್ರಯದಲ್ಲಿ ಷಿಕಾಗೊ ನಗರವನ್ನು ಸೇರಿದನು.

1920ರ ಜನವರಿಯಲ್ಲಿ ಆ ದೇಶದಲ್ಲೆಲ್ಲ ಪಾನನಿರೋಧವು ಜಾರಿಗೆ ಬಂದಿತು. ಮದ್ಯವನ್ನು ತಯಾರಿಸುವುದು, ಸಾಗಿಸುವುದು, ಮಾರುವುದು ಅಪರಾಧವಾಯಿತು; ಕುಡಿಯುವುದು ಮಾತ್ರ ಅಪರಾಧವಾಗಲಿಲ್ಲ. ಹಗಲಿನಲ್ಲಿ ಶಾಸನವನ್ನು ಹೊಗಳಿದ ಗೃಹಸ್ಥರೇ ಸಂಜೆಯಾದೊಡನೆ ಕಳ್ಳಬಾಗಿಲುಗಳನ್ನು ತಟ್ಟತೊಡಗಿದರು. ಅವರ ದಾಹವೇ ಟೋರಿಯೋನ ಬಂಡವಾಳವಾಯಿತು. 1925ರಲ್ಲಿ ಗುಂಡೇಟು ತಗಲಿ ಬದುಕಿಕೊಂಡ ಟೋರಿಯೋ ತನ್ನ ವ್ಯವಹಾರವನ್ನೆಲ್ಲ ಶಿಷ್ಯನಿಗೊಪ್ಪಿಸಿ ಹಿಂದೆ ಸರಿದನು. ಆಗ ಕಪೋನನಿಗೆ 26 ವರ್ಷ.

ಮದ್ಯ, ಜೂಜು, ವೇಶ್ಯಾಗೃಹ ಇವು ಮೂರೂ ಅವನ ಆದಾಯದ ಮೂಲಗಳು. ಆ ಹಣದ ಒಂದು ಪಾಲು ಪೋಲೀಸರಿಗೂ ಅಧಿಕಾರಿಗಳಿಗೂ ರಾಜಕೀಯ ಮುಖಂಡರಿಗೂ ಮಾಮೂಲಾಗಿ ಹರಿಯುತ್ತಿದ್ದಿತು. ಹಣವು ಸಾಲದಿದ್ದಲ್ಲಿ ಪಿಸ್ತೂಲು ಮಾತನಾಡುತ್ತಿದ್ದಿತು. 1924ರಲ್ಲಿ ಪಕ್ಕದ ಸಿಸೆರೊ ಪಟ್ಟಣದ ಚುನಾವಣೆಯಲ್ಲಿ ಇವನ ಬಂಟರು ಮತಗಟ್ಟೆಗಳ ಬಳಿಯಲ್ಲಿಯೇ ಆಯುಧಪಾಣಿಗಳಾಗಿ ನಿಂತು ಮತದಾರರನ್ನು ಬೆದರಿಸಿದರು. 1929ರ ಫೆಬ್ರವರಿ 14ರಂದು ಷಿಕಾಗೊ ನಗರದ ಮೋಟಾರು ಷೆಡ್ಡೊಂದರಲ್ಲಿ ಎದುರುಪಕ್ಷದ ಏಳು ಮಂದಿಯನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ ಕೊಂದರು. ಕೊಂದವರಲ್ಲಿ ಕೆಲವರು ಪೋಲೀಸರ ಉಡುಪನ್ನು ಧರಿಸಿದ್ದರು. ಕಪೋನನು ಆಗ ದೂರದ ಫ್ಲಾರಿಡಾದಲ್ಲಿದ್ದನು. ಜನರು ಅವನನ್ನೇ ಶಂಕಿಸಿದರೂ ಆ ಕೊಲೆಗಳಿಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ.

ಮರುವರ್ಷ ನಿರುದ್ಯೋಗವು ಹೆಚ್ಚಲು, ಇವನೇ ಬಡವರಿಗಾಗಿ ಅನ್ನಛತ್ರವನ್ನು ತೆರೆದು ರೊಟ್ಟಿ, ಸಾರು, ಕಾಫಿಗಳನ್ನು ಹಂಚಿಸಿದನು. ಹಸಿದವನು ಅನ್ನದ ಮೂಲವನ್ನು ವಿಚಾರಿಸಲಿಲ್ಲವೆಂದು ನಾವು ಅವನನ್ನು ದೂಷಿಸಲಾರೆವು. ಆದರೆ ಹಸಿವಿಲ್ಲದವರೂ ವಿಚಾರಿಸಲಿಲ್ಲ.

ನಮ್ಮ ವೃತ್ತಿಗೂ ಅಂಟಿದ ಕಳಂಕವನ್ನು ನಾವು ಮರೆಮಾಚಬಾರದು. 1930ರ ಜೂನ್ 9ರಂದು ‘ಷಿಕಾಗೊ ಟ್ರಿಬ್ಯೂನ್’ ಪತ್ರಿಕೆಯ ಬಾತ್ಮೀದಾರನಾದ ಜೇಕ್ ಲಿಂಗಲ್ ಎಂಬುವನನ್ನು ಯಾರೋ ಗುಂಡಿಟ್ಟು ಕೊಂದರು. ಸತ್ಯಕ್ಕಾಗಿ ಪ್ರಾಣವಿತ್ತ ವೀರನೆಂದು ಪತ್ರಿಕೆಗಳು ಶೋಕಿಸಿದವು. ಕೆಲವೇ ದಿನಗಳಲ್ಲಿ, ವಾರಕ್ಕೆ 65 ಡಾಲರ್ ಸಂಬಳದ ಆ ಮನುಷ್ಯನು ಸಿರಿವಂತನಂತೆ ಬಾಳುತ್ತಿದ್ದನೆಂಬುದೂ, ಅವನ ಸೊಂಟದ ವಜ್ರಖಚಿತ ಪಟ್ಟಿಯು ಕಪೋನನ ಕಾಣಿಕೆಯೆಂಬುದೂ ಬಯಲಾಯಿತು. ಲೇಖನಿಯೂ ಸಂಬಳಕ್ಕೆ ಸೇರಿದ್ದಿತು!

ಇಂತಹವನನ್ನು ಕೆಡವಿದುದು ಖಡ್ಗವಲ್ಲ, ಲೆಕ್ಕದ ಪುಸ್ತಕ. ಅಕ್ರಮ ವ್ಯಾಪಾರದ ಲಾಭಕ್ಕೂ ವರಮಾನ ತೆರಿಗೆಯುಂಟೆಂದು 1927ರಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯವು ತೀರ್ಪಿತ್ತಿದ್ದಿತು. ಫ್ರಾಂಕ್ ವಿಲ್ಸನ್ ಎಂಬ ತೆರಿಗೆ ಅಧಿಕಾರಿಯು ಹಳೆಯ ದಫ್ತರುಗಳನ್ನು ಶೋಧಿಸುತ್ತ, ಜೂಜುಕಟ್ಟೆಯೊಂದರ ಲೆಕ್ಕಪುಸ್ತಕಗಳನ್ನು ಕಂಡು, ಬರವಣಿಗೆಯ ಗುರುತಿನಿಂದ ಅದರ ಗುಮಾಸ್ತನನ್ನು ಪತ್ತೆಮಾಡಿದನು. ಕಪೋನನ ಕಡೆಯವರು ಜ್ಯೂರಿಗಳನ್ನು ಒಲಿಸಿಕೊಳ್ಳಲೆಳಸಿದರು. ಇದನ್ನರಿತ ನ್ಯಾಯಾಧಿಪತಿ ವಿಲ್ಕರ್ಸನ್ ವಿಚಾರಣೆಯ ಮೊದಲ ದಿನವೇ ಜ್ಯೂರಿಗಳ ಪಟ್ಟಿಯನ್ನೇ ಬದಲಿಸಿಬಿಟ್ಟನು. 1931ರ ಅಕ್ಟೋಬರಿನಲ್ಲಿ ಕಪೋನನಿಗೆ 11 ವರ್ಷಗಳ ಸೆರೆವಾಸವೂ 50,000 ಡಾಲರ್ ಜುಲ್ಮಾನೆಯೂ ವಿಧಿಸಲ್ಪಟ್ಟವು. ಆಲ್ಕಟ್ರಾಜ್ ದ್ವೀಪದ ಸೆರೆಮನೆಯನ್ನೂ ಕಂಡು, ಗುಹ್ಯರೋಗದಿಂದ ಬುದ್ಧಿಗೆಟ್ಟು, 1939ರಲ್ಲಿ ಬಿಡುಗಡೆಹೊಂದಿ, 1947ರ ಜನವರಿ 25ರಂದು ತನ್ನ 48ನೆಯ ವಯಸ್ಸಿನಲ್ಲಿ ಆತನು ಮೃತನಾದನು.

ಪಾನನಿರೋಧವೇ ಈ ಅನರ್ಥಗಳಿಗೆಲ್ಲ ಕಾರಣವೆಂದು ಹೇಳುವವರುಂಟು. ಆ ಶಾಸನವು 1933ರ ಡಿಸೆಂಬರಿನಲ್ಲಿ ರದ್ದಾಯಿತು. ಕಪೋನನ ಕೂಟವು ರದ್ದಾಗಲಿಲ್ಲ. ಅದು ಜೂಜಿನಲ್ಲಿಯೂ ಕಾರ್ಮಿಕ ಸಂಘಗಳಲ್ಲಿಯೂ ಬೇರೂರಿ ದಶಕಗಳ ಕಾಲ ಬಾಳಿತು. ಒಳ್ಳೆಯ ಶಾಸನವಾದರೂ ಪ್ರಜೆಗಳ ನಡತೆಯ ಬೆಂಬಲವಿಲ್ಲದೆ ನಿಲ್ಲಲಾರದೆಂಬುದೇ ಇದರಿಂದ ನಾವು ಗ್ರಹಿಸಬೇಕಾದ ನೀತಿ.

ಕೊಲೆಗಡುಕನನ್ನು ಕಂಡು ನಡುಗುವ ನಾವು, ನಮ್ಮ ಸಣ್ಣ ಕೆಲಸವು ಬೇಗನೆ ಆಗಲೆಂದು ಮಾಮೂಲು ಕೊಡುವಾಗ ನಡುಗುವುದಿಲ್ಲ. ಷಿಕಾಗೊ ನಗರದ ಗೃಹಸ್ಥರೂ ನಡುಗಲಿಲ್ಲ. ಆ ಕೈಯಿಂದ ಈ ಕೈಗೆ ಸಾಗಿದ ಹಣವೇ ಕೂಡಿ ಕಪೋನನಿಗೆ ಸಿಂಹಾಸನವಾಯಿತು. ಹಣಕ್ಕೆ ಕೈಯೊಡ್ಡದ ಒಬ್ಬ ಅಧಿಕಾರಿಯೂ ಒಬ್ಬ ನ್ಯಾಯಾಧಿಪತಿಯೂ ಅದನ್ನು ಕೆಡವುವುದಕ್ಕೆ ಸಾಕಾದರು ಎಂಬುದನ್ನು ನಮ್ಮ ಅಧಿಕಾರಿವರ್ಗದವರು ಮನನಮಾಡುವರೆಂದು ಆಶಿಸುತ್ತೇವೆ.