ಗಣಕಯಂತ್ರದ ತುಂಬಿದ ನೆನಪು

ಪೂರ್ವವಿದ್ಯಾರ್ಥಿನಿಯರು ಪ್ರೀತಿಯಿಂದ ಕೊಟ್ಟ ಹನ್ನೆರಡು ಕಂಪ್ಯೂಟರುಗಳು ನಮ್ಮ ಶಾಲೆಯಲ್ಲಿ ಇರುವದನ್ನು ವಾಚಕರಲ್ಲಿ ಅನೇಕರು ಬಲ್ಲರು. ಕಳೆದ ವರ್ಷ ಅವು ಬಹಳ ಮಂದವಾದವು. ಹುಡುಗಿಯರು ಕೀಲಿಯನ್ನು ಒತ್ತಿ, ಅಕ್ಷರವು ತೆರೆಯ ಮೇಲೆ ಮೂಡುವ ತನಕ ಕೈಕಟ್ಟಿ ಕುಳಿತಿರಬೇಕಾಯಿತು. ಪರೀಕ್ಷಿಸಲು ಬಂದ ಅಂಗಡಿಯವರು, "ನೆನಪೆಲ್ಲಾ ತುಂಬಿಹೋಗಿದೆ, ಎಲ್ಲಾ ಯಂತ್ರಗಳಿಗೂ ಹೆಚ್ಚಿನ ರ‍್ಯಾಮ್ ಕೊಳ್ಳಬೇಕು" ಎಂದರು. ಅದಕ್ಕೆ ನಮ್ಮ ಕೈಯಲ್ಲಿದ್ದ ಹಣವೆಂದರೆ ವಾಚನಾಲಯದ ಕಪಾಟುಗಳಿಗಾಗಿ ನೀವು ಕಳುಹಿಸಿದ ಹಣವೇ. ಆದಕಾರಣ ಈ ತುಂಬುವಿಕೆಯು ಎಂಥದ್ದು ಎಂಬದನ್ನು ಮೊದಲು ತಿಳಿಯಬೇಕಾಯಿತು. ತಿಳಿದದ್ದನ್ನು ನಿಮಗೂ ಹೇಳುವೆನು. ಯಾಕಂದರೆ ಇದೇ ಮಾತನ್ನು ನಿಮ್ಮ ಮನೆಯ ಯಂತ್ರದ ವಿಷಯದಲ್ಲಿಯೂ ಯಾರಾದರೂ ಹೇಳಿಯಾರು.

ವಾಚನಾಲಯದಲ್ಲಿ ಕಪಾಟು ಒಂದು, ಮೇಜು ಒಂದು. ಕೇಳಿದ ಪುಸ್ತಕವನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಇಟ್ಟ ಮೇಲೆ, ಜಾಣೆಯಾದ ಗ್ರಂಥಪಾಲಕಿಯು ಅದನ್ನು ಕೂಡಲೇ ಒಳಗೆ ಇಡುವದಿಲ್ಲ; ಇನ್ನೊಬ್ಬಳು ಅದನ್ನೇ ಕೇಳಬಹುದಷ್ಟೆ. ಮೇಜಿನಲ್ಲಿ ಬೇರೆ ಕೆಲಸಕ್ಕೆ ಸ್ಥಳ ಬೇಕಾದಾಗ ಮಾತ್ರ ತೆರವು ಮಾಡುವಳು. ಯಂತ್ರದಲ್ಲಿ ಡಿಸ್ಕ್ ಎಂಬದು ಕಪಾಟು, ರ‍್ಯಾಮ್ ಎಂಬದು ಮೇಜು, ಆಪರೇಟಿಂಗ್ ಸಿಸ್ಟಮ್ ಎಂಬದು ಆ ಗ್ರಂಥಪಾಲಕಿ. ತಿರುಗುವ ಡಿಸ್ಕಿನಿಂದ ಒಂದು ಸಂಗತಿಯನ್ನು ಹುಡುಕಿ ತರಲು ಸುಮಾರು 10 ಮಿಲಿಸೆಕೆಂಡು ಹಿಡಿದರೆ, ರ‍್ಯಾಮಿನಿಂದ ತರಲು ಸುಮಾರು 100 ನ್ಯಾನೋಸೆಕೆಂಡು ಸಾಕು. ಅಂದರೆ ಲಕ್ಷಪಾಲು ವ್ಯತ್ಯಾಸ. ಹೀಗೆ ಮೇಜಿನ ಮೇಲೆ ಉಳಿಸಿಕೊಂಡ ಪ್ರತಿಗಳಿಗೆ ಕ್ಯಾಶ್ ಎಂದು ಹೆಸರು. (ಇದಕ್ಕೂ ರೊಕ್ಕಕ್ಕೂ ಸಂಬಂಧವಿಲ್ಲ, ಬಚ್ಚಿಡುವದು ಎಂಬರ್ಥದ ಫ್ರೆಂಚ್ ಶಬ್ದದಿಂದ ಬಂದದ್ದು.)

ನಮ್ಮ ಯಂತ್ರಗಳಲ್ಲಿ ಇರುವದು ಲಿನಕ್ಸ್. ಅದರಲ್ಲಿ 'ಫ್ರೀ' ಎಂಬ ಆಜ್ಞೆಯನ್ನು ಕೊಟ್ಟಾಗ ಒಂದು ಯಂತ್ರವು ತೋರಿಸಿದ ಲೆಕ್ಕವು ಹೀಗಿತ್ತು: ಒಟ್ಟು 3700 ಮೆಗಾಬೈಟು, ಕಾರ್ಯಕ್ರಮಗಳು ಹಿಡಿದದ್ದು 1100, ಕ್ಯಾಶಿನಲ್ಲಿ 2450, ಬರಿದಾಗಿ ಉಳಿದದ್ದು ಕೇವಲ 150. ಅಂಗಡಿಯವರು ಕಂಡದ್ದು ಆ 150ನ್ನು. ಆದರೆ ಅದೇ ಸಾಲಿನ ಕೊನೆಯಲ್ಲಿ 'ಅವೈಲಬಲ್' ಎಂಬ ಅಂಕಣದ ಕೆಳಗೆ 2200 ಎಂದಿತ್ತು. ಬೇಕೆಂದಾಗ ಕಾರ್ಯಕ್ರಮಗಳಿಗೆ ದೊರೆಯತಕ್ಕ ಸ್ಥಳದ ಅಂದಾಜು ಅದು. ಅರ್ಧಕ್ಕಿಂತ ಹೆಚ್ಚು ನೆನಪು ತೆರವಾಗಲು ಸಿದ್ಧವಿದ್ದ ಯಂತ್ರಕ್ಕೆ ನೆನಪಿನ ಬಡತನವೆಂದು ಹೇಳಿದಂತಾಯಿತು!

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳತಕ್ಕದ್ದು. ಇದನ್ನು ತಿಳಿಯುವ ಮೊದಲು, ಗಂಟೆಗೊಮ್ಮೆ ಕ್ಯಾಶನ್ನೆಲ್ಲಾ ಬರಿದುಮಾಡುವ ಏರ್ಪಾಡನ್ನು ನಾನೇ ಮಾಡಿದ್ದೆನು. 2006ರಿಂದ ಲಿನಕ್ಸಿನಲ್ಲಿ ಇರುವ 'ಡ್ರಾಪ್ ಕ್ಯಾಶಸ್' ಎಂಬ ಈ ಸೌಕರ್ಯವು ಪರೀಕ್ಷಕರಿಗಾಗಿ ಉಂಟೇ ಹೊರತು ದಿನಬಳಕೆಗೆ ಅಲ್ಲ. ಪ್ರತಿಗಂಟೆಯೂ ಮೇಜನ್ನು ಗುಡಿಸಿ, ಅವೇ ಪುಸ್ತಕಗಳನ್ನು ಮತ್ತೆ ಕಪಾಟಿನಿಂದ ಹೊರಿಸಿದಂತಾಗಿ, ಯಂತ್ರಗಳು ಮೊದಲಿಗಿಂತಲೂ ಮಂದವಾದವು. 'ನೆನಪನ್ನು ಶುದ್ಧಮಾಡುವೆವು' ಎಂದು ಹೇಳಿ ಮಾರುವ ಕಾರ್ಯಕ್ರಮಗಳು ಮಾಡುವದೂ ಬಹುಮಟ್ಟಿಗೆ ಇದನ್ನೇ. ಪಾಲಕರು ಅವುಗಳಿಗೆ ಹಣ ತೆರಬಾರದೆಂದು ನನ್ನ ಬಿನ್ನಹ.

ಹಾಗಾದರೆ ರೋಗವು ಎಲ್ಲಿತ್ತು? ಶಾಲಾ ದಿನಾಚರಣೆಯ ಚಲಚ್ಚಿತ್ರವನ್ನು ಪೆನ್‌ಡ್ರೈವುಗಳಿಗೆ ಇಳಿಸುವ ದಿನಗಳಲ್ಲಿಯೇ ಯಂತ್ರಗಳು ನಿಲ್ಲುತ್ತಿದ್ದವೆಂದು ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಗುರುತಿಸಿದಳು. ಓದಿದ್ದನ್ನು ಮಾತ್ರವಲ್ಲ, ಬರೆಯಬೇಕಾದದ್ದನ್ನೂ ಆಪರೇಟಿಂಗ್ ಸಿಸ್ಟಮ್ ಮೊದಲು ರ‍್ಯಾಮಿನಲ್ಲಿಯೇ ಇಟ್ಟುಕೊಂಡು ತರುವಾಯ ಬರೆಯುವದುಂಟು. ಲಿನಕ್ಸಿನ ರೂಢಿಯ ಮಿತಿಯು ದೊರೆಯುವ ನೆನಪಿನ ಶೇಕಡಾ 20. ನಮ್ಮ ಲೆಕ್ಕದಲ್ಲಿ ಅದು 440 ಮೆಗಾಬೈಟು. ಸೆಕೆಂಡಿಗೆ 5 ಮೆಗಾಬೈಟು ಬರೆಯುವ ಅಗ್ಗದ ಪೆನ್‌ಡ್ರೈವಿಗೆ ಇದನ್ನು ಇಳಿಸಲು ಸುಮಾರು ಒಂದೂವರೆ ನಿಮಿಷ ಬೇಕು. ಮಿತಿಯು ತುಂಬಿದಾಗ, ಬರೆಯಬೇಕೆನ್ನುವ ಬೇರೆ ಕಾರ್ಯಕ್ರಮಗಳೂ ಸಾಲಿನಲ್ಲಿ ಕಾಯುವವು. ಅದಕ್ಕಿಂತ ದುಃಖಕರವಾದದ್ದೇನಂದರೆ, ತೆರೆಯ ಮೇಲೆ 'ಮುಗಿಯಿತು' ಎಂದು ಕಂಡಾಗ ನಿಜವಾಗಿ ಮುಗಿದಿರುವದಿಲ್ಲ. ಹಾಗೆ ನಂಬಿ ಪೆನ್‌ಡ್ರೈವನ್ನು ಕಿತ್ತ ಒಬ್ಬ ಹುಡುಗಿಯ ಮೂರು ವಾರಗಳ ವಿಜ್ಞಾನ ವರದಿಯು ಹಾಳಾಯಿತು. ಅವಳು ಅತ್ತದ್ದನ್ನು ನಾನು ಮರೆತಿಲ್ಲ.

ಪರಿಹಾರಕ್ಕೆ ಕಾಸು ಬೇಕಾಗಲಿಲ್ಲ. 'ಡರ್ಟಿ ಬೈಟ್ಸ್' ಎಂಬ ಮಿತಿಯನ್ನು 48 ಮೆಗಾಬೈಟಿಗೂ, 'ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್' ಎಂಬದನ್ನು 16ಕ್ಕೂ ಇಳಿಸಿ, ಗಂಟೆಗೊಮ್ಮೆ ಬರಿದುಮಾಡುವದನ್ನು ನಿಲ್ಲಿಸಿದೆವು. ಪೆನ್‌ಡ್ರೈವನ್ನು 'ಇಜೆಕ್ಟ್' ಮಾಡದೆ ಯಾರೂ ಕೀಳಬಾರದೆಂದು ಗೋಡೆಯ ಮೇಲೆ ಬರೆಸಿದೆವು.

ವಿಂಡೋಸ್ ಇರುವ ಮನೆಗಳಲ್ಲಿ ಟಾಸ್ಕ್ ಮ್ಯಾನೇಜರನ್ನು ತೆರೆದು, 'ಪರ್ಫಾರ್ಮೆನ್ಸ್' ಎಂಬಲ್ಲಿ 'ಮೆಮೊರಿ'ಯನ್ನು ಆರಿಸಿ, 'ಅವೈಲಬಲ್' ಎಷ್ಟೆಂದು ನೋಡಬೇಕು. ಅದು ಸಾಕಷ್ಟಿದ್ದರೆ 'ಕ್ಯಾಶ್ಡ್' ಎಷ್ಟಿದ್ದರೂ ಭಯವಿಲ್ಲ. ಕ್ಯಾಶೇ ಅಪರಾಧಿಯಾದ ಕಾಲವೂ ಉಂಟು: 64 ಬಿಟ್ಟಿನ ವಿಸ್ತಾ ಮತ್ತು ಸರ್ವರ್ 2008ರಲ್ಲಿ ಕಡತಗಳ ಕ್ಯಾಶ್ ಮಿತಿಮೀರಿ ಬೆಳೆದು ಕಾರ್ಯಕ್ರಮಗಳನ್ನೇ ಹೊರದೂಡುವದಿತ್ತು, 2009ರಲ್ಲಿ ಬಂದ ವಿಂಡೋಸ್ 7ರಲ್ಲಿ ಆ ಪದ್ಧತಿಯನ್ನು ತಿದ್ದಿದರು.

ನಿಜವಾದ ಕೊರತೆಯ ಲಕ್ಷಣವು ಬೇರೆ. ಆಗ 'ಅವೈಲಬಲ್' ಬಹಳ ಕಡಿಮೆಯಾಗಿ, ಕ್ಯಾಶ್ ಸಹ ಕುಗ್ಗಿ, ಕಾರ್ಯಕ್ರಮಗಳ ಭಾಗಗಳು ಎಡೆಬಿಡದೆ ಡಿಸ್ಕಿಗೆ ಹೋಗುತ್ತಾ ಬರುತ್ತಾ ಇರುವವು. ಲಿನಕ್ಸಿನಲ್ಲಿ 'ವಿಎಂಸ್ಟ್ಯಾಟ್' ಎಂಬ ಆಜ್ಞೆಯ 'ಎಸ್‌ಐ', 'ಎಸ್‌ಓ' ಅಂಕಣಗಳಲ್ಲಿ ಸೊನ್ನೆಯ ಬದಲು ದೊಡ್ಡ ಸಂಖ್ಯೆಗಳು ನಿಲ್ಲದೆ ಬಂದರೆ ರ‍್ಯಾಮ್ ಕೊಳ್ಳುವದೇ ಯುಕ್ತ. ಹನ್ನೆರಡರಲ್ಲಿ ಅಂಥದ್ದು ಒಂದೇ ಇತ್ತು, ಕಚೇರಿಯ ಯಂತ್ರ; ಅದಕ್ಕೆ ಕೊಂಡೆವು. ಮಿಕ್ಕ ಹಣದಿಂದ ಮಾಡಿಸಿದ ಕಪಾಟುಗಳು ವಾಚನಾಲಯದ ಮೂಡಣ ಗೋಡೆಗೆ ತಾಗಿ ನಿಂತಿವೆ.