ಚಿಗುರು ಮೀಸೆ, ಶಿಂದಿ ಗಡಿಗೆ

ಯಾದಗಿರಿ ಕಡೆಯ ಸಗರನಾಡಿನಲ್ಲಿ ಎಳೆಯರ ಕುಡಿತದ ಮಾತು ತೆಗೆದರೆ ಸಭೆಯಲ್ಲಿ ಇಬ್ಬರು ಹಿರಿಯರು ಎದ್ದೇ ಏಳುತ್ತಾರೆ. ಒಬ್ಬರದು, "ನಮ್ ಕಾಲದಾಗ ಹುಡುಗ್ರು ಮುಟ್ತಿದ್ದಿಲ್ರಿ." ಇನ್ನೊಬ್ಬರದು, "ಎಲ್ಲಾರೂ ಕುಡೀತಿದ್ರು, ಯಾರಿಗೇನ್ ಆಗ್ಯಾದ?" ಇಬ್ಬರೂ ಒಂದೇ ಊರಿನವರು, ಒಂದೇ ವಾರಿಗೆಯವರು. ಸುಳ್ಳು ಇಬ್ಬರದೂ ಅಲ್ಲ. ಮೊದಲನೆಯವರ ತಲೆಯಲ್ಲಿರುವುದು ಸಾರಾಯಿ, ಎರಡನೆಯವರ ನೆನಪಿನಲ್ಲಿರುವುದು ಶಿಂದಿ.

ಈಚಲು ಮರದ ರಸ ತಾನಾಗಿ ಹುಳಿಯೇರಿದರೆ ಶಿಂದಿ. ಹುಳಿಯೇರಿದ್ದನ್ನು ಭಟ್ಟಿ ಇಳಿಸಿದರೆ ಸಾರಾಯಿ. ಶಿಂದಿಯಲ್ಲಿ ಮದ್ಯಸಾರ ನೂರಕ್ಕೆ ಐದರ ಆಸುಪಾಸು. ಅಂಗಡಿಯ ವಿಸ್ಕಿಯಲ್ಲಿ 42.8. ಹೀಗಾಗಿ ನಮ್ಮ ಹುಡುಗರು "ನೈಂಟಿ" ಎಂದು ಕರೆಯುವ 90 ಮಿಲಿಲೀಟರಿನ ಪೊಟ್ಟಣದಲ್ಲಿ ಮುಕ್ಕಾಲು ಲೀಟರ್ ಶಿಂದಿಯ ಮದ್ಯಸಾರ ಮಡಚಿಕೊಂಡು ಕೂತಿರುತ್ತದೆ. ಶಿಂದಿಯಾದರೆ ಅಷ್ಟು ಇಳಿಯುವುದರೊಳಗೆ ಹೊಟ್ಟೆ ತುಂಬುತ್ತದೆ. ನೈಂಟಿ ನಾಲ್ಕು ಗುಟುಕಿಗೆ ಮುಗಿಯುತ್ತದೆ.

ಶಿಂದಿಯ ಗುಣವನ್ನು ಇನ್ನೂ ಸ್ವಲ್ಪ ನೋಡೋಣ. ನನಗೆ ಇದು ಎಷ್ಟು ಹೇಳಿದರೂ ಸಾಲದು. ನಸುಕಿನಲ್ಲಿ ಇಳಿಸಿದ ರಸ ನೀರಾ, ಬರೀ ಸಿಹಿ. ಗಡಿಗೆಯ ಗೋಡೆಗೆ ಅಂಟಿದ, ಗಾಳಿಯಲ್ಲಿ ತೇಲುವ ಯೀಸ್ಟ್ ಅದಕ್ಕೆ ಬಿದ್ದ ಕೂಡಲೇ ಸಕ್ಕರೆಯನ್ನು ತಿನ್ನತೊಡಗುತ್ತದೆ. ಹೊತ್ತು ಏರಿದಂತೆ ನೊರೆ, ಇಳಿಹೊತ್ತಿಗೆ ಅಮಲು, ಮಾರನೆಯ ದಿನಕ್ಕೆ ವಿನೆಗರಿನ ಹಾದಿ. ಕಾಪಿಡಲು ಬರುವುದಿಲ್ಲ, ದೂರ ಒಯ್ಯಲು ಬರುವುದಿಲ್ಲ. ಆದ್ದರಿಂದ ಕುಡಿಯುವವರು ಮರದ ಬುಡಕ್ಕೇ ಹೋಗಬೇಕಿತ್ತು, ಅದೂ ಬೆಳಕಿರುವಾಗ. ಅಲ್ಲಿ ಮರ ಏರಿದ ಈಡಿಗನಿಗೆ ಬಂದ ಹುಡುಗ ಯಾರ ಮನೆಯವನೆಂಬುದು ಗೊತ್ತು. ಪಕ್ಕದಲ್ಲಿ ಕೂತವನು ಆ ಹುಡುಗನ ಸೋದರಮಾವನೂ ಆಗಿರಬಹುದು. ಇಷ್ಟೇ ವಯಸ್ಸು ಎಂದು ಯಾರೂ ಬರೆದಿಟ್ಟಿರಲಿಲ್ಲ. ಮೀಸೆ ಚಿಗುರಿತೋ ಇಲ್ಲವೋ ಎಂಬುದನ್ನು ಈಚಲ ಬನದ ಕಣ್ಣುಗಳೇ ನೋಡಿ ತೀರ್ಮಾನಿಸುತ್ತಿದ್ದವು. ಆ ಕಾಲ ನಿಷ್ಪಾಪವಾಗಿತ್ತೆಂದು ನಾನು ಹೇಳಲಾರೆ. ಸೆರೆ ಎಡೆಯಿಡುವ ದೇವರ ಮುಂದೆ ಮಕ್ಕಳ ನಾಲಿಗೆಗೂ ಒಂದು ಹನಿ ಹಚ್ಚಿದವರಿದ್ದಾರೆ.

  

ಆಮೇಲೆ ಬಂದದ್ದು ಪ್ಲಾಸ್ಟಿಕ್ ಪಾಕೀಟಿನ ಸಾರಾಯಿ. ಈ ಭಾಗದಲ್ಲಿ ಶಿಂದಿ ಇಳಿಸುವುದು ನಿಂತಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಗೂ ನಿಷೇಧ ಬಂತು. ತೆರವಾದ ಜಾಗಕ್ಕೆ ಅಗ್ಗದ ವಿಸ್ಕಿ ಬಂದು ಕೂತಿತು. ಅದು ಕೆಡುವುದಿಲ್ಲ, ಅಂಗಿ ಕಿಸೆಯಲ್ಲಿ ಹಿಡಿಸುತ್ತದೆ, ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗೂ ಅಡಗುತ್ತದೆ. ಕತ್ತಲಾದ ಮೇಲೂ ಸಿಗುತ್ತದೆ. ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋದ ಹದಿನೇಳರ ಹುಡುಗನಿಗೆ ಕೈಯಲ್ಲಿ ವಾರದ ಪಗಾರ, ಸುತ್ತ ಅವನ ವಾರಿಗೆಯವರೇ. ಸೋದರಮಾವ ಎಲ್ಲಿಂದ ಬರಬೇಕು?

ಕಾನೂನು ಈಚಲ ಬನದ ಆ ಕಣ್ಣುಗಳ ಜಾಗದಲ್ಲಿ ಅಂಕಿಯನ್ನು ಇಟ್ಟಿತು. ಅದೂ ಎರಡೆರಡು: 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ 18, ಸನ್ನದಿನ ಷರತ್ತುಗಳ 1967ರ ನಿಯಮದಲ್ಲಿ 21. ಎರಡನ್ನೂ 18ಕ್ಕೆ ಹೊಂದಿಸುವ ಕರಡು 2023ರ ಜನವರಿಯಲ್ಲಿ ಹೊರಬಿತ್ತು, ಜನ ಸಿಟ್ಟಾದರು, ಸರಕಾರ ಹಿಂದಕ್ಕೆ ತೆಗೆದುಕೊಂಡಿತು. ಆ ಗದ್ದಲದಲ್ಲಿ 18ರ ಪರ, 21ರ ಪರ ವಾದಿಸಿದವರು ಬೇಕಾದಷ್ಟು ಮಂದಿ. ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ವಯಸ್ಸು ಕೇಳುವವರು ಯಾರು ಎಂದವರು ಕಡಿಮೆ.

ಇನ್ನು ನಾನು ಹೋದಲ್ಲೆಲ್ಲ ಎದುರಾಗುವ ಪ್ರಶ್ನೆ. ಓದಿದ ತಂದೆಯರೇ ಇದನ್ನು ಹೆಚ್ಚಾಗಿ ಕೇಳುತ್ತಾರೆ: "ಫ್ರಾನ್ಸಿನಾಗ ಊಟದ ಜೋಡಿ ಮಕ್ಕಳಿಗೆ ವೈನ್ ಕೊಡ್ತಾರಂತ. ಹಂಗ ಮನ್ಯಾಗ ಕೂಡಿಸ್ಕೊಂಡು ಒಂದ್ ಗುಟುಕು ಕೊಟ್ರ ಹತೋಟಿ ಕಲೀತಾನಲ್ರಿ?"

ಫ್ರಾನ್ಸಿನಿಂದಲೇ ಶುರು ಮಾಡೋಣ. ಆ ದೇಶ 1956ರಲ್ಲಿ 14ರ ಒಳಗಿನ ಮಕ್ಕಳಿಗೆ ಶಾಲೆಯ ಊಟದಲ್ಲಿ ವೈನ್ ಕೊಡುವುದನ್ನು ನಿಲ್ಲಿಸಿತು, 1981ರಲ್ಲಿ ಹಿರಿಯ ಶಾಲೆಗಳಲ್ಲೂ ತೆಗೆಯಿತು, 2009ರಲ್ಲಿ ವೈನು ಬಿಯರುಗಳ ಮಾರಾಟದ ವಯಸ್ಸನ್ನೂ 18ಕ್ಕೆ ಏರಿಸಿತು. ನಾವು ಉದಾಹರಣೆ ಕೊಡುವ ಫ್ರಾನ್ಸನ್ನು ಫ್ರೆಂಚರೇ ಬಿಟ್ಟು ಬಂದಿದ್ದಾರೆ. ಆಸ್ಟ್ರೇಲಿಯಾದಲ್ಲಿ 1,927 ಹದಿಹರೆಯದವರನ್ನು ಆರು ವರ್ಷ ಹಿಂಬಾಲಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಹೆತ್ತವರೇ ಕುಡಿಸಿದ್ದರಿಂದ ಮಕ್ಕಳಿಗೆ ರಕ್ಷಣೆ ಸಿಕ್ಕ ಕುರುಹು ಅದರಲ್ಲಿ ಇಲ್ಲ. ಮನೆಯಲ್ಲಿ ಸಿಕ್ಕವರಿಗೆ ಹೊರಗೂ ಸಿಗುವ ಸಂಭವವೇ ಹೆಚ್ಚಾಗಿತ್ತು. ನಮ್ಮ ದೇಶದಲ್ಲಂತೂ ವೈದ್ಯರ ಸಲಹೆಯಿಲ್ಲದೆ ಮಗುವಿಗೆ ಮದ್ಯ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ ಏಳು ವರ್ಷದವರೆಗೆ ಶಿಕ್ಷೆಯಿದೆ.

ಗುಟುಕು ಕೊಟ್ಟು ಹತೋಟಿ ಕಲಿಸಲು ಬಾರದಿರುವುದಕ್ಕೆ ದೇಹದೊಳಗೂ ಕಾರಣವಿದೆ. ತೂಕಡಿಕೆ, ಕಾಲು ತಡವರಿಸುವುದು ದೊಡ್ಡವರಿಗೆ "ಸಾಕು" ಎನ್ನುವ ಗಂಟೆಗಳು. ಎಳೆಯ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಈ ಗಂಟೆಗಳು ತಡವಾಗಿ ಬಾರಿಸುವುದು ಕಂಡಿದೆ, ಖುಷಿ ಮಾತ್ರ ಬೇಗ ಬರುತ್ತದೆ. ಹೀಗಾಗಿ "ನನ್ ಮಗನಿಗಿ ಎಷ್ಟ್ ಕುಡದ್ರೂ ಏರಲ್ಲ" ಎಂಬ ಹೆಮ್ಮೆ ತಲೆಕೆಳಗಾದ ಹೆಮ್ಮೆ. ಅವನ ಗಂಟೆ ಇನ್ನೂ ಕಟ್ಟಿ ಮುಗಿದಿಲ್ಲ.

ಆದರೆ ಕುಡಿದವನು ಹೇಗೆ ವರ್ತಿಸುತ್ತಾನೆ ಎಂಬುದನ್ನು ದೇಹವೊಂದೇ ನಿರ್ಧರಿಸುವುದಿಲ್ಲ. ಬೊಲಿವಿಯಾದ ಕಾಂಬಾ ಜನ ನೂರಕ್ಕೆ 89ರಷ್ಟು ಮದ್ಯಸಾರವಿದ್ದ ರಮ್ಮನ್ನು ವೃತ್ತವಾಗಿ ಕೂತು ಕುಡಿದು, ಜಗಳವಾಡದೆ ಏಳುತ್ತಿದ್ದುದನ್ನು ಮಾನವಶಾಸ್ತ್ರಜ್ಞ ಡ್ವೈಟ್ ಹೀತ್ 1950ರ ದಶಕದಲ್ಲಿ ದಾಖಲಿಸಿದರು. ಅಮಲಿನ ನಡೆಯನ್ನೂ ಸಮಾಜವೇ ಕಲಿಸುತ್ತದೆ ಎಂದು ಸಂಶೋಧಕರಾದ ಮ್ಯಾಕ್‌ಆಂಡ್ರೂ ಮತ್ತು ಎಡ್ಗರ್ಟನ್ 1969ರಲ್ಲಿ ಪುಸ್ತಕವನ್ನೇ ಬರೆದರು. ಕಲಿಸಿದ್ದನ್ನು ಬದಲಿಸಲೂ ಬರುತ್ತದೆ. ಐಸ್‌ಲೆಂಡಿನಲ್ಲಿ 1998ರಲ್ಲಿ 15-16ರ ಮಕ್ಕಳ ಪೈಕಿ ಹಿಂದಿನ ಒಂದೇ ತಿಂಗಳಲ್ಲಿ ಅಮಲೇರಿಸಿಕೊಂಡವರು ನೂರಕ್ಕೆ 42 ಇದ್ದರು, 2016ಕ್ಕೆ 5. ಮಾರಾಟದ ವಯಸ್ಸು ಅಲ್ಲಿ 20. ಅದು ಮೊದಲೂ ಇತ್ತು. ಹೊಸದಾಗಿ ಸೇರಿದ್ದು ರಾತ್ರಿ ಹೊತ್ತಿಗೆ ಸರಿಯಾಗಿ ಮನೆ ಸೇರುವ ಕಟ್ಟಳೆಯ ಬಿಗಿ, ಆಟ ಸಂಗೀತಕ್ಕೆ ಸರಕಾರದ ದುಡ್ಡು, ಸಂಜೆ ಬೀದಿಯಲ್ಲಿ ಅಡ್ಡಾಡುವ ತಂದೆತಾಯಿ. ಓದಿದಾಗ ನನಗೆ ನೆನಪಾದದ್ದು ಈಚಲ ಬನದ ಸೋದರಮಾವ.

ಐಸ್‌ಲೆಂಡಿನಲ್ಲಿ ಎಳೆಯರ ಕುಡಿತದ ಬಗ್ಗೆ ಪ್ರತಿ ಊರಿಗೂ ಅದರದೇ ಲೆಕ್ಕ ಸಿಗುತ್ತದೆ. ಇಲ್ಲಿ 2019ರ ರಾಷ್ಟ್ರೀಯ ಸಮೀಕ್ಷೆ 10ರಿಂದ 17ರ ಮಕ್ಕಳಲ್ಲಿ ಕುಡಿಯುವವರು ನೂರಕ್ಕೆ 1.3 ಎನ್ನುತ್ತದೆ. ಅದು ಇಡೀ ದೇಶದ ಸರಾಸರಿ; ಶಹಾಪುರದ ಪಿಯು ಹುಡುಗ, ಹುಣಸಗಿಯಿಂದ ಗುಳೆ ಹೋದ ಹುಡುಗ ಇಬ್ಬರೂ ಅದರಲ್ಲಿ ಕರಗಿಹೋಗಿದ್ದಾರೆ. ನಮ್ಮ ಊರಿನ ಕತೆಯನ್ನು ನಾವೇ ಬರೆದಿಡಬೇಕು. ಇದನ್ನು ಓದುತ್ತಿರುವ ಕಾಲೇಜು ಹುಡುಗ ಹುಡುಗಿಯರೇ, ಮರ ಏರಿ ಶಿಂದಿ ಇಳಿಸಿದ ಕೈಗಳು ನಿಮ್ಮ ಊರಲ್ಲಿ ಇನ್ನೂ ಇರಬಹುದು, ಎಲ್ಲರಿಗೂ ವಯಸ್ಸಾಗಿದೆ. ಒಂದು ನೋಟುಪುಸ್ತಕ ಹಿಡಿದು ಹೋಗಿ. ಬೆಳಗಿನ ರಸಕ್ಕೇನು ಹೆಸರು, ಸಂಜೆಯದಕ್ಕೇನು ಹೆಸರು, ಯಾವ ಹುಡುಗನನ್ನು ಯಾವ ಮಾತು ಹೇಳಿ ವಾಪಸು ಕಳಿಸಿದ್ದರು, ಕೇಳಿ ಬರೆದುಕೊಳ್ಳಿ.